ನೆಲ ಕಚ್ಚಿದ ಎಂಜಿನ್ನಿಗೆ ಮೊದಲು ಏನು ಮಾಡಬಾರದು

(ಬೆಂಗಳೂರಿನ ಬಸವನಗುಡಿಯಲ್ಲಿ ಏರೋಮಾಡೆಲಿಂಗ್ ಹವ್ಯಾಸಿಗಳು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವುದು ಹಿಂದಿನ ಸಾಲಿನವರಿಗೆ ಮಣ್ಣಿನ ಹೆಂಟೆಯ ಹಾಗೆ ಕಾಣುತ್ತಿರಬಹುದು. ಇದು ಆಟಿಕೆಯಷ್ಟು ಸಣ್ಣ ಮಾದರಿ ವಿಮಾನಗಳಿಗೆ ಹಾಕುವ, ಮೆಥನಾಲ್ ಇಂಧನದಲ್ಲಿ ಓಡುವ 0.46 ಘನ ಇಂಚಿನ ಗ್ಲೋ ಎಂಜಿನ್. ಸಿಸಿ ಲೆಕ್ಕದಲ್ಲಿ ಸುಮಾರು 7.5. ನಾವೆಲ್ಲ ‘ನಲವತ್ತಾರು’ ಅಂತಲೇ ಕರೆಯುವುದು. ಹಾರಿಸಲು ಕಲಿಯುವವರ ಟ್ರೈನರ್ ಮಾದರಿ ವಿಮಾನವೊಂದು ಮೂಗು ಕೆಳಗೆ ಮಾಡಿ ಬಿತ್ತು, ಹುಡುಗರು ಎಂಜಿನ್ ಬಿಚ್ಚಿ ತಂದುಕೊಟ್ಟರು. ನಾನಿನ್ನೂ ತೊಳೆದಿಲ್ಲ. ಬೇಕಂತಲೇ ಹಾಗೇ ಇಟ್ಟಿದ್ದೇನೆ, ಇವತ್ತು ನಿಮ್ಮೆದುರಿಗೇ ಬಿಚ್ಚೋಣ ಅಂತ.

ನಾನು ಕೆಲಸ ಮಾಡಿದ್ದು ಟೂಲ್ ರೂಮಿನಲ್ಲಿ. ಈಗ ನಿವೃತ್ತಿಯಾಗಿದೆ, ಮನೆಗೆ ಇಂಥವು ಬರುತ್ತಲೇ ಇರುತ್ತವೆ. ಅವುಗಳನ್ನು ನೋಡಿ ನೋಡಿ ನನಗೆ ಅನ್ನಿಸಿದ್ದು ಇಷ್ಟು: ಬಿದ್ದ ಏಟಿಗೇ ಸಾಯುವ ಎಂಜಿನ್‌ಗಳು ಕಡಿಮೆ. ಬಿದ್ದ ಮೇಲಿನ ಹತ್ತು ನಿಮಿಷದಲ್ಲಿ ನಾವೇ ಕೈಯಾರೆ ಕೊಲ್ಲುವುದು ಜಾಸ್ತಿ.

ಹೇಗೆ ಅಂತೀರಾ? ವಿಮಾನ ಬಿತ್ತು. ಎಲ್ಲರೂ ಓಡಿದಿರಿ. ರೆಕ್ಕೆ ಮುರಿದಿದೆ, ಅದು ಕಣ್ಣಿಗೆ ಕಾಣುತ್ತದೆ. ಎಂಜಿನ್ ಸರಿಯಿದೆಯೋ ಇಲ್ಲವೋ ಕಾಣುವುದಿಲ್ಲ. ಹಾಗಾಗಿ ಒಬ್ಬ ಕೈ ಹಾಕಿ ಪ್ರೊಪೆಲ್ಲರ್ ತಿರುಗಿಸುತ್ತಾನೆ. ‘ತಿರುಗುತ್ತೆ ಕಣೋ, ಏನೂ ಆಗಿಲ್ಲ’ ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು.

ಈ ಎಂಜಿನ್ನಿನ ಒಳದಾರಿಯನ್ನು ನೋಡಿ. ಗಾಳಿ, ಇಂಧನ ಬೆರೆಸುವ ಕಾರ್ಬೊರೇಟರಿನ ಬಾಯಿ ನೇರವಾಗಿ, ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಮೇಲೆ ತೆರೆದುಕೊಳ್ಳುತ್ತದೆ. ಶಾಫ್ಟ್ ಒಳಗೆ ಟೊಳ್ಳು, ಪಕ್ಕದಲ್ಲಿ ಕಿಟಕಿಯ ಹಾಗೆ ಒಂದು ಕಂಡಿ. ಗಾಳಿ ಮತ್ತು ಇಂಧನ ಆ ಕಂಡಿಯಿಂದ ಒಳಗೆ ಹೋಗಿ, ಶಾಫ್ಟಿನೊಳಗಿಂದ ಹಿಂದಿನ ಕೋಣೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರಬೇಕು. ಅಂದರೆ ಕಾರ್ಬೊರೇಟರಿಗೆ ಮೆತ್ತಿದ ಮಣ್ಣಿಗೂ ಅದೇ ರಾಜಮಾರ್ಗ. ಪ್ರೊಪೆಲ್ಲರ್ ತಿರುಗಿಸದಿದ್ದರೆ ಮಣ್ಣು ಬಾಯಲ್ಲೇ ನಿಲ್ಲುತ್ತದೆ. ತಿರುಗಿಸಿದರೆ ಬೇರಿಂಗಿಗೆ, ಅಲ್ಲಿಂದ ಪಿಸ್ಟನ್ನಿಗೆ. ನಾವೇ ಉಣಿಸಿದ ಹಾಗೆ.

ನಮ್ಮೂರ ಮಣ್ಣು ಎಂಥದ್ದು ಅನ್ನುವುದೂ ಇಲ್ಲಿ ಮುಖ್ಯ. ಲಾಲ್‌ಬಾಗಿನ ಬಂಡೆ ಎಲ್ಲರೂ ಹತ್ತಿದ್ದೀರಿ, ಅಲ್ವಾ? ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ ಅದು. ಅಂಥ ಬಂಡೆ ಕರಗಿ ಕರಗಿ ಆದದ್ದೇ ನಮ್ಮ ಕೆಂಪು ಮಣ್ಣು. ಬಂಡೆಯಲ್ಲಿರುವ ಬೇರೆ ಖನಿಜಗಳು ಕಾಲಾಂತರದಲ್ಲಿ ಜೇಡಿಯಾಗುತ್ತವೆ. ಬೆಣಚುಕಲ್ಲು ಮಾತ್ರ ಕರಗುವುದಿಲ್ಲ, ಸಣ್ಣ ಸಣ್ಣ ಹರಳಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಅದು 7. ಮಾಮೂಲಿ ಉಕ್ಕನ್ನು ಸಲೀಸಾಗಿ ಗೀರುತ್ತದೆ. ಪಿಸ್ಟನ್ ಇರುವುದು ಅಲ್ಯೂಮಿನಿಯಂದು, ಮೆತ್ತಗೆ. ಬೆಣಚುಕಲ್ಲಿನ ಒಂದು ಹರಳು ಪಿಸ್ಟನ್ನಿನಲ್ಲಿ ಹೂತುಕೊಂಡರೆ, ಪಿಸ್ಟನ್ನೇ ತನ್ನ ಸುತ್ತಲಿನ ಕೊಳವೆಯನ್ನು, ಅಂದರೆ ಲೈನರನ್ನು, ಕೆರೆಯಲು ಶುರು ಮಾಡುತ್ತದೆ. ಒಣಗಿದ ಕೆರೆಯಂಗಳದಲ್ಲಿ ಹಾರಿಸುವವರ ಅದೃಷ್ಟ ಸ್ವಲ್ಪ ವಾಸಿ. ಅಲ್ಲಿ ನುಣುಪು ಜೇಡಿ ಜಾಸ್ತಿ. ತೊಳೆಯುವಾಗ ಪ್ರಾಣ ತಿನ್ನುತ್ತದೆ, ಆದರೆ ಕೆರೆಯುವುದು ಕಡಿಮೆ.

ಹಾಗಾಗಿ ಮೈದಾನದಲ್ಲಿ ಮಾಡಬೇಕಾದ ಕೆಲಸ ಬಹಳ ಸುಲಭ. ತಿರುಗಿಸಬೇಡಿ. ಒಣ ಬಟ್ಟೆಯಲ್ಲೂ ಉಜ್ಜಬೇಡಿ. ಕಾರ್ಬೊರೇಟರ್ ಬಾಯಿಗೂ ಸೈಲೆನ್ಸರ್ ಬಾಯಿಗೂ ಬಟ್ಟೆ ತುರುಕಿ, ಇಡೀ ಎಂಜಿನ್ನನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮನೆಗೆ ತನ್ನಿ. ಆಮೇಲೆ ರೆಕ್ಕೆಗೆ ಅಳಿ.

(ಇಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಸರ್, ನಾವು ಒಂದೇ ಒಂದು ಸಲ ತಿರುಗಿಸಿದೆವು’ ಎಂದ. ಸಭೆಯಲ್ಲಿ ನಗು.)

ಆಯ್ತಪ್ಪ, ನೋಡೋಣ. ಒಳಗೆ ಗೊತ್ತಾಗುತ್ತದೆ.

ಮೊದಲು ಹೊರಗಿನ ತೊಳೆತ. ಹಳೆಯ ಟೂತ್‌ಬ್ರಷ್, ಒಂದಿಷ್ಟು ಸೀಮೆಎಣ್ಣೆ. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ, ಡೀಸೆಲ್ ಆದರೂ ಆಗುತ್ತದೆ. ಬಾಯಿಗಳನ್ನು ಮುಚ್ಚಿಕೊಂಡೇ, ಎಂಜಿನ್ ಬಾಯಿ ಕೆಳಗೆ ಮಾಡಿ ಹಿಡಿದು ತೊಳೆಯಬೇಕು. ಒಳಗಿಂದ ಮಣ್ಣು ಕೆಳಗೆ ಬೀಳಬೇಕೇ ಹೊರತು ಮೇಲಿಂದ ಒಳಗೆ ಹೋಗಬಾರದು. ಹೊರಮೈ ಪೂರ್ತಿ ಚೊಕ್ಕ ಆಗುವ ತನಕ ಒಂದು ಸ್ಕ್ರೂವನ್ನೂ ಮುಟ್ಟಬೇಡಿ. ಅಲೆನ್ ಸ್ಕ್ರೂ ತಲೆಯೊಳಗೆ ಮಣ್ಣು ಕೂತಿರುತ್ತದೆ. ಅದನ್ನು ಸೂಜಿಯಲ್ಲಿ ತೆಗೆಯದೆ ಕೀ ಹಾಕಿದರೆ ಕೀ ಪೂರ್ತಿ ಇಳಿಯುವುದಿಲ್ಲ, ಆರು ಮೂಲೆಯೂ ಸವೆದು ದುಂಡಗಾಗುತ್ತದೆ. ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕು.

ಈಗ ಬಿಚ್ಚೋಣ. ಕಾರ್ಬೊರೇಟರ್ ಮೊದಲು. ನೋಡಿ, ಬಾಯಿ ತುಂಬ ಮಣ್ಣು. ನೀಡಲ್ ಬಾಗಿದೆ. ನೀಡಲಿನ ಹಿಡಿಕೆಯ ಕಡೆ ಬಾಗಿದ್ದರೆ ನೆಟ್ಟಗೆ ಮಾಡಿಕೊಳ್ಳಬಹುದು. ಚೂಪಾದ ತುದಿ ಬಾಗಿದ್ದರೆ ಮಾಡಬೇಡಿ, ಹೊಸದು ಹಾಕಿ. ಆ ತುದಿ ಒಂದು ರಂಧ್ರದ ನಡುವೆ ಕೂತು ಇಂಧನ ಅಳೆದು ಬಿಡಬೇಕು. ಕೂದಲೆಳೆಯಷ್ಟು ಓರೆಯಾದರೂ ಎಂಜಿನ್ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಕಾರ್ಬೊರೇಟರ್ ಕತ್ತಿನಲ್ಲಿ ಒಂದು ರಬ್ಬರ್ ಓ ರಿಂಗ್ ಇದೆ. ಅದನ್ನು ಕಣ್ಣು ಮುಚ್ಚಿ ಬದಲಿಸಿ. ಅಲ್ಲಿ ಗಾಳಿ ಸೋರಿದರೆ ಎಂಜಿನ್ನಿಗೆ ಇಂಧನ ಕಡಿಮೆಯಾಗಿ ಸುಟ್ಟುಕೊಳ್ಳುತ್ತದೆ, ನೀವು ನೀಡಲ್ ತಿರುಗಿಸುತ್ತಾ ತಲೆ ಕೆಡಿಸಿಕೊಳ್ಳುತ್ತೀರಿ.

ಗ್ಲೋ ಪ್ಲಗ್ ತೆಗೆದೆ. ಒಳಗೆ ಪ್ಲಾಟಿನಂ ಮಿಶ್ರಲೋಹದ ಸಣ್ಣ ಸುರುಳಿ ಇದೆ. ಇದನ್ನು 1947ರ ಸುಮಾರಿಗೆ ಅಮೆರಿಕದ ರೇ ಆರ್ಡನ್ ಮಾರುಕಟ್ಟೆಗೆ ತಂದರು. ಶುರು ಮಾಡುವಾಗ ಒಂದೂವರೆ ವೋಲ್ಟ್ ಕೊಟ್ಟು ಕೆಂಪಗೆ ಮಾಡುತ್ತೇವೆ, ಆಮೇಲೆ ಬ್ಯಾಟರಿ ಕಿತ್ತರೂ ಸುರುಳಿ ಕೆಂಪಗೇ ಇರುತ್ತದೆ. ಮೆಥನಾಲ್ ಆವಿ ಪ್ಲಾಟಿನಂ ಮೇಲೆ ತಾನೇ ಉರಿಯುತ್ತದೆ, ಅದಕ್ಕೆ. ಈ ಸುರುಳಿ ನಾಜೂಕು. ಬಿದ್ದ ಎಂಜಿನ್ನಿನ ಪ್ಲಗ್ಗನ್ನು ಎತ್ತಿಟ್ಟು ಹೊಸದು ಹಾಕಿ.

ಸಿಲಿಂಡರಿನ ಮೇಲಿನ ಮುಚ್ಚಳದ, ಅಂದರೆ ತಲೆಯ, ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಬೇಕು. ಹಿಂದಿನ ಬ್ಯಾಕ್ ಪ್ಲೇಟ್ ತೆಗೆದೆ. ಈಗ ಲೈನರ್. ಇದನ್ನು ಎತ್ತುವ ಮುಂಚೆ ಮೇಲಂಚಿನಲ್ಲಿ ಒಂದು ಗುರುತು ಹಾಕಿಕೊಳ್ಳಿ. ಪಿಸ್ಟನ್ನಿನ ಮುಂಭಾಗಕ್ಕೂ ಒಂದು ಗುರುತು. ಪಿಸ್ಟನ್ನನ್ನು ಶಾಫ್ಟಿಗೆ ಸೇರಿಸುವ ಕಾನ್ ರಾಡ್ ಯಾವ ಮುಖ ಮಾಡಿ ಕೂತಿದೆ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇವೆಲ್ಲ ಒಂದಕ್ಕೊಂದು ಉಜ್ಜಿ ಉಜ್ಜಿ ಹೊಂದಿಕೊಂಡಿರುತ್ತವೆ. ತಿರುವು ಮುರುವಾಗಿ ಹಾಕಿದರೆ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯನ್ನು ಸೋರದಂತೆ ಒತ್ತಿ ಹಿಡಿಯುವ ಬಿಗಿ, ಹೋಗುತ್ತದೆ.

ಲೈನರ್ ಬರದಿದ್ದರೆ? ಹಳೆಯ ಎಂಜಿನ್‌ಗಳಲ್ಲಿ ಬರುವುದೇ ಇಲ್ಲ. ಇಂಧನದಲ್ಲಿರುವ ಹರಳೆಣ್ಣೆ ಸುಟ್ಟು ಕಂದು ಬಣ್ಣದ ಅಂಟಾಗಿ ಹಿಡಿದಿರುತ್ತದೆ. ನಮ್ಮ ಅಜ್ಜಿ ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯೇ. ಮೊದಲನೇ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಿಗೂ ಇದೇ ಎಣ್ಣೆ ಹಾಕುತ್ತಿದ್ದರು. ಎಂಜಿನ್ ಎಷ್ಟು ಬಿಸಿಯಾದರೂ ಕೈಕೊಡುವುದಿಲ್ಲ, ಆದರೆ ಅಂಟುತ್ತದೆ. ಎಕ್ಸಾಸ್ಟ್ ಕಂಡಿಯಲ್ಲಿ ಸ್ಕ್ರೂ ಡ್ರೈವರ್ ತೂರಿಸಿ ಮೀಟುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಹಾಟ್ ಏರ್ ಗನ್ ಹಿಡಿದು ಎಂಜಿನ್ನಿನ ಹೊರಕವಚವನ್ನು, ಅಂದರೆ ಕೇಸನ್ನು, ಬಿಸಿ ಮಾಡಿ, ತಾನೇ ಬಿಡುತ್ತದೆ. ಒಳಗಿನ ಅಂಟಿಗೆ ಜೆ.ಸಿ. ರೋಡಿನಲ್ಲಿ ಸಿಗುವ ಕಾರಿನ ಕೂಲೆಂಟ್ ಒಳ್ಳೆಯ ಮದ್ದು. ಅದರಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಆದರೆ ಕೂಲೆಂಟಿನ ಗ್ಲೈಕಾಲ್ ವಿಷ, ರುಚಿ ಬೇರೆ ಸಿಹಿ. ಅದಕ್ಕೆಂದೇ ಒಂದು ಹಳೆಯ ಪಾತ್ರೆ ಇಡಿ, ಅದು ಮತ್ತೆ ಅಡುಗೆಮನೆಗೆ ಹೋಗಬಾರದು. ಬೇಯಿಸುವುದೂ ಹೊರಗೆ, ಬಯಲಿನಲ್ಲಿ.

ಈಗ ಪಿಸ್ಟನ್ ಮತ್ತು ಲೈನರ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಒಳ್ಳೆಯ ಎಂಜಿನ್‌ಗಳು ಹಾಳಾಗುವುದು ಇಲ್ಲೇ. ಇಂಥ ಎಂಜಿನ್‌ಗಳಿಗೆ ಎಬಿಸಿ ಅನ್ನುತ್ತಾರೆ. ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆಯ ಲೈನರ್, ಅದರ ಒಳಮೈಗೆ ಕ್ರೋಮ್ ಲೇಪ. ಕೆಲವದರಲ್ಲಿ ಕ್ರೋಮಿನ ಬದಲು ನಿಕಲ್. ಪಿಸ್ಟನ್ ಸುತ್ತ ಬಳೆಯಂಥ ರಿಂಗ್ ಇರುವುದಿಲ್ಲ. ಲೈನರ್ ಮೇಲ್ಗಡೆ ಸ್ವಲ್ಪ ಕಿರಿದಾಗಿರುತ್ತದೆ, ಬೇಕಂತಲೇ. ಎಂಜಿನ್ ಓಡುವಾಗ ಮೇಲ್ಭಾಗ ಕೆಳಭಾಗಕ್ಕಿಂತ ಜಾಸ್ತಿ ಬಿಸಿಯಾಗಿ ಜಾಸ್ತಿ ಹಿಗ್ಗುತ್ತದೆ. ಆಗ ಮೇಲೂ ಕೆಳಗೂ ಸರಿಸಮ. ಅಂದರೆ ತಣ್ಣಗಿರುವಾಗ ಪಿಸ್ಟನ್ ಮೇಲೆ ಬಂದಾಗ ಬಿಗಿಯಾಗಿ ಹಿಡಿಯಲೇಬೇಕು, ಕೆಲವು ಕೀಚ್ ಅನ್ನುತ್ತವೆ. ಇದು ಗೊತ್ತಿಲ್ಲದವರು ‘ಬಿದ್ದ ಏಟಿಗೆ ಜಾಮ್ ಆಗಿದೆ’ ಅಂದುಕೊಂಡು ಎಮರಿ ಪೇಪರ್ ತೆಗೆದುಕೊಂಡು ಉಜ್ಜುತ್ತಾರೆ. ಸಲೀಸಾಗಿ ತಿರುಗುತ್ತದೆ, ಸಂತೋಷ. ಆಮೇಲೆ ಸ್ಟಾರ್ಟೇ ಆಗುವುದಿಲ್ಲ. ಬಿಸಿಯಾದಾಗ ಹಿಡಿದಿಡಬೇಕಾದ ಬಿಗಿಯನ್ನು ಉಜ್ಜಿ ತೆಗೆದಾಯಿತಲ್ಲ.

ಹಾಗಾದರೆ ನಿಜವಾದ ಜಾಮ್ ಯಾವುದು? ತುದಿಯಲ್ಲಿ ಮಾತ್ರ ಬಿಗಿಯಾದರೆ ಅದು ಹುಟ್ಟುಗುಣ. ಸುತ್ತಿನ ಎಲ್ಲ ಕಡೆ ಕರಕರ ಅಂದರೆ ಮಣ್ಣು ಅಥವಾ ಬೇರಿಂಗ್. ಪ್ರತಿ ಸುತ್ತಿನಲ್ಲೂ ನಡುದಾರಿಯಲ್ಲಿ ಒಂದೇ ಜಾಗದಲ್ಲಿ ಹಿಡಿದು ಬಿಟ್ಟರೆ ಶಾಫ್ಟಿನ ಮೇಲೆ ಅನುಮಾನ ಪಡಿ.

ಈ ಲೈನರನ್ನು ಬೆಳಕಿಗೆ ಹಿಡಿಯುತ್ತೇನೆ. ಎಕ್ಸಾಸ್ಟ್ ಕಂಡಿಯ ಪಕ್ಕ ಮೇಲಿಂದ ಕೆಳಕ್ಕೆ ಒಂದು ತೆಳು ಗೀರು. ಉಗುರಿಗೆ ಸಿಗುವುದಿಲ್ಲ, ಕಣ್ಣಿಗೆ ಕಾಣುತ್ತದೆ. ಅದೇ ಕಣಪ್ಪ, ನಿಮ್ಮ ಒಂದೇ ಒಂದು ಸಲ. ಪರವಾಗಿಲ್ಲ, ಇದು ಓಡುತ್ತದೆ. ಉಗುರಿಗೆ ತಡೆಯುವ ಗೀರಾಗಿದ್ದರೆ ಪಿಸ್ಟನ್ ಮತ್ತು ಲೈನರನ್ನು ಜೊತೆಯಾಗಿಯೇ ಬದಲಿಸಬೇಕಿತ್ತು. ರಿಂಗ್ ಇರುವ ಎಂಜಿನ್ನಾದರೆ ಎಷ್ಟೋ ಸಲ ಹೊಸ ರಿಂಗಿನಲ್ಲೇ ಮುಗಿಯುತ್ತದೆ.

ಕಾನ್ ರಾಡ್ ಪರೀಕ್ಷೆ ಸುಲಭ. ಎರಡು ತೂತಿಗೂ ಸರಿಯಾಗಿ ಕೂರುವ ನೇರ ಕಂಬಿಗಳನ್ನು ಹಾಕಿ, ಪಕ್ಕದಿಂದ ನೋಡಿ. ಎರಡೂ ಸಮಾನಾಂತರ ಇಲ್ಲದಿದ್ದರೆ ರಾಡ್ ಬಾಗಿದೆ. ಬಾಗಿದ ರಾಡನ್ನು ನೆಟ್ಟಗೆ ಮಾಡಬೇಡಿ, ಹೊಸದು ಹಾಕಿ. ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಕ್ರ್ಯಾಂಕ್ ಶಾಫ್ಟ್ ಹೊರಬರಲು ಮುಂದಿನ ಪ್ರಾಪ್ ಡ್ರೈವರ್, ಅಂದರೆ ಪ್ರೊಪೆಲ್ಲರ್ ಒರಗಿ ಕೂರುವ ಬಿಲ್ಲೆ, ತೆಗೆಯಬೇಕು, ಆಮೇಲೆ ಮರದ ತುಂಡಿನಿಂದ ಮೆಲ್ಲಗೆ ಹಿಂದಕ್ಕೆ ತಟ್ಟಬೇಕು. ಸುತ್ತಿಗೆಯ ಏಟು ನೇರ ಥ್ರೆಡ್ ಮೇಲೆ ಬೇಡ. ಶಾಫ್ಟನ್ನು ‘ವಿ’ ಆಕಾರದ ತೋಡಿರುವ ಎರಡು ವಿ ಬ್ಲಾಕ್ ಮೇಲೆ ಮಲಗಿಸಿ, ಮೂತಿಯ ಹತ್ತಿರ ಸಣ್ಣ ಓರೆಯನ್ನೂ ಅಳೆದು ತೋರಿಸುವ ಡಯಲ್ ಗೇಜ್ ಮುಳ್ಳು ತಾಗಿಸಿ, ನಿಧಾನಕ್ಕೆ ಉರುಳಿಸಿ. ಮುಳ್ಳು 0.02 ಮಿ.ಮೀ. ಒಳಗೇ ಆಡಿದರೆ ನಾನು ಒಪ್ಪುತ್ತೇನೆ. ಗೇಜ್ ಇಲ್ಲದವರು ಪೀಣ್ಯದ ಕಡೆ ಯಾವುದಾದರೂ ಲೇತ್ ಶಾಪಿಗೆ ಹೋಗಿ ಕೇಳಿ, ಟೀ ಕುಡಿಯುವಷ್ಟರಲ್ಲಿ ನೋಡಿಕೊಡುತ್ತಾರೆ. ಇದು ನೋಡಿ, ಮುಳ್ಳು ಹೆಚ್ಚುಕಡಿಮೆ ಅಲುಗಾಡುತ್ತಲೇ ಇಲ್ಲ. ಮರದ ಪ್ರೊಪೆಲ್ಲರ್ ಇತ್ತಂತೆ. ಅದು ಮುರಿದುಕೊಂಡು ಏಟನ್ನು ತಾನೇ ತಿಂದಿದೆ. ನೈಲಾನ್ ಪ್ರೊಪೆಲ್ಲರ್ ಬೇಗ ಮುರಿಯುವುದಿಲ್ಲ, ಏಟನ್ನು ಶಾಫ್ಟಿಗೆ ದಾಟಿಸುತ್ತದೆ. ಕಲಿಯುವವರಿಗೆ ನಾನು ಮರದ್ದೇ ಹಾಕಿ ಅನ್ನುವುದು ಅದಕ್ಕೆ.

ಬಾಗಿದ ಶಾಫ್ಟನ್ನು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡುವವರು ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಇದರ ಹೊರಮೈಯನ್ನು ಗಡಸು ಮಾಡಿರುತ್ತಾರೆ. ಜೊತೆಗೆ ಆ ಟೊಳ್ಳು, ಆ ಕಂಡಿ. ನೆಟ್ಟಗೆ ಮಾಡುವಾಗ ಕಂಡಿಯ ಮೂಲೆಯಲ್ಲಿ ಕಾಣದ ಬಿರುಕು ಬಿಟ್ಟರೆ, ಅದು ಒಡೆಯುವುದು ಪ್ರೊಪೆಲ್ಲರ್ ಪೂರ್ತಿ ವೇಗದಲ್ಲಿರುವಾಗ. 11 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 630 ಕಿಲೋಮೀಟರ್. ಅದರ ಎದುರು ಯಾರ ಮುಖ ಇರುತ್ತದೆ ಯೋಚಿಸಿ.

ಇನ್ನು ಬೇರಿಂಗ್. ಕೈಬೆರಳಿನಲ್ಲಿ ತಿರುಗಿಸಿದರೆ ಹಿಂದಿನದು ಗರಗರ ಅನ್ನುತ್ತಿದೆ. ತೊಳೆದರೂ ಹೀಗೇ ಇದ್ದರೆ ಬದಲಿಸಲೇಬೇಕು. ಇದನ್ನು ಹೊಡೆದು ತೆಗೆಯುವ ಹಾಗಿಲ್ಲ. ಬಿಸಿ ಮಾಡಿದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 28 ಮಿ.ಮೀ. ಬೇರಿಂಗ್ ಕೂತ ಗೂಡನ್ನು 150 ಡಿಗ್ರಿಗೆ ಕಾಯಿಸಿದರೆ ಇಬ್ಬರ ನಡುವೆ ಸುಮಾರು 0.04 ಮಿ.ಮೀ. ಸಡಿಲ ಸಿಗುತ್ತದೆ. ಅಷ್ಟೇ ಸಾಕು. ಒವನ್ನಿನಿಂದ ತೆಗೆದು, ಕೈಗವಸು ಹಾಕಿ, ಮರದ ಹಲಗೆಗೆ ಒಂದು ಸಲ ಬಡಿದರೆ ಬೇರಿಂಗ್ ಟಪ್ ಅಂತ ಬೀಳುತ್ತದೆ. ಹೊಸದನ್ನು ಫ್ರೀಜರಿನಲ್ಲಿಟ್ಟು, ಕೇಸನ್ನು ಮತ್ತೆ ಕಾಯಿಸಿ, ನೇರವಾಗಿ ಇಳಿಬಿಡಿ. ಸಭಾಂಗಣದಲ್ಲಿ ಒವನ್ ಇಲ್ಲ, ಹಾಗಾಗಿ ಇದನ್ನು ಬಾಯಲ್ಲೇ ಹೇಳುತ್ತಿದ್ದೇನೆ. ಒವನ್ನಿಗೆ ಹಾಕುವ ಮುಂಚೆ ಇಂಧನ, ಸೀಮೆಎಣ್ಣೆ ಒಂದು ಹನಿಯೂ ಉಳಿಯದ ಹಾಗೆ ಒಣಗಿಸಿ. ಮನೆಯ ಕೇಕ್ ಒವನ್ ಬಳಸುವವರು ಮನೆಯವರ ಅಪ್ಪಣೆ ಪಡೆದುಕೊಳ್ಳಿ.

ಕೊನೆಗೆ ಕೇಸ್. ಎಂಜಿನ್ನನ್ನು ವಿಮಾನಕ್ಕೆ ಬಿಗಿಯುವ ಈ ಎರಡು ಕಿವಿಗಳಿವೆಯಲ್ಲ, ಏಟೆಲ್ಲ ಇವುಗಳ ಮೇಲೆ. ಬಿರುಕು ಹುಡುಕಲು ದೊಡ್ಡ ಕಾರ್ಖಾನೆಗಳಲ್ಲಿ ಬಣ್ಣದ ದ್ರವ ಬಳಸುತ್ತಾರೆ. ಅದಕ್ಕಿಂತ ಹಳೆಯದು 19ನೇ ಶತಮಾನದ ರೈಲ್ವೆ ವರ್ಕ್‌ಶಾಪ್‌ಗಳ ಉಪಾಯ: ಎಣ್ಣೆ ಮತ್ತು ಸುಣ್ಣದ ಪುಡಿ. ನಾನು ಸೀಮೆಎಣ್ಣೆ ಮತ್ತು ಸೀಮೆಸುಣ್ಣದಲ್ಲಿ ಮಾಡುತ್ತೇನೆ. ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಪುಡಿ ಉದುರಿಸುವುದು. ಬಿರುಕಿನೊಳಗೆ ಸೇರಿದ ಎಣ್ಣೆಯನ್ನು ಪುಡಿ ಹೀರಿಕೊಂಡು ಅಲ್ಲಿ ಗೆರೆ ಮೂಡುತ್ತದೆ.

(ಸೀಮೆಸುಣ್ಣದ ಪುಡಿ ಹಾಕಿ ಕೇಸನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಲಾಯಿತು. ಎಡಗಿವಿಯ ಬುಡದಲ್ಲಿ ತೆಳು ಗೆರೆ ಮೂಡಿತ್ತು.)

ಕಂಡಿತಾ? ಬರಿಗಣ್ಣಿಗೆ ಇದು ಕಾಣುತ್ತಿರಲಿಲ್ಲ. ಹಾಗೇ ಜೋಡಿಸಿ ಹಾರಿಸಿದ್ದರೆ ಒಂದು ದಿನ ಗಾಳಿಯಲ್ಲಿ ಕಿವಿ ಕಿತ್ತುಬರುತ್ತಿತ್ತು. ಇದನ್ನು ಟಿಗ್ ವೆಲ್ಡಿಂಗ್ ಮಾಡಿಸಬಹುದು. ಆದರೆ ಇದು ಎರಕದ ಅಲ್ಯೂಮಿನಿಯಂ, ರಂಧ್ರಗಳಲ್ಲೆಲ್ಲ ಎಣ್ಣೆ ಕುಡಿದಿರುತ್ತದೆ. ಮೊದಲು ಕಾಯಿಸಿ ಎಣ್ಣೆ ಬಿಡಿಸದಿದ್ದರೆ ವೆಲ್ಡಿಂಗ್ ಗುಳ್ಳೆ ಗುಳ್ಳೆ ಏಳುತ್ತದೆ. ಬೇರಿಂಗನ್ನೂ ಮೊದಲೇ ತೆಗೆದಿರಬೇಕು. ವೆಲ್ಡ್ ಆದ ಮೇಲೆ ಎರಡು ಕಿವಿಗಳ ಕೆಳಮೈ ಒಂದೇ ಮಟ್ಟದಲ್ಲಿ ಇರುವಂತೆ ಮಿಲ್ಲಿಂಗ್ ಮಾಡಿಸಿ, ಬೋಲ್ಟ್ ತೂತು ಹೊಸದಾಗಿ ಕೊರೆಯಬೇಕು. ಮಟ್ಟ ತಪ್ಪಿದ ಕಿವಿಗಳನ್ನು ಬಿಗಿದರೆ ಕೇಸೇ ತಿರುಚಿಕೊಳ್ಳುತ್ತದೆ. ಕಿವಿಯ ಬಿರುಕಾದರೆ ಮಾಡಿಸಿ ನೋಡಿ. ಬೇರಿಂಗ್ ಗೂಡಿನ ಹತ್ತಿರದ ಬಿರುಕಿಗೆ ನಾನು ಕೈ ಹಾಕುವುದಿಲ್ಲ. ಆಗ ಇನ್ನೊಂದು ಸತ್ತ ಎಂಜಿನ್ ಹುಡುಕಿ, ಅದರ ಕೇಸು, ಇದರ ಒಡಲು. ಎಷ್ಟೋ ಮಾಡೆಲ್‌ಗಳ ತಯಾರಿಕೆ ನಿಂತಿದೆ, ಎರಡು ಸೇರಿಸಿ ಒಂದು ಮಾಡುವುದೇ ನಮ್ಮ ದಾರಿ.

ಜೋಡಿಸುವಾಗ ಒಂದು ಎಚ್ಚರ. ಇಂಥ ಅನೇಕ ಎಂಜಿನ್‌ಗಳ ಶಾಫ್ಟಿನ ಥ್ರೆಡ್ ಕಾಲು ಇಂಚಿಂದು, ಇಂಚಿಗೆ 28 ಎಳೆ. ಹಾರ್ಡ್‌ವೇರ್ ಅಂಗಡಿಯ 6 ಮಿ.ಮೀ. ನಟ್ ನೋಡಲು ಅದೇ ಥರ ಇರುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದರೆ ಏರುತ್ತದೆ ಕೂಡ, ಥ್ರೆಡ್ಡನ್ನು ತಿಂದುಕೊಂಡು. ಪ್ಲಗ್ಗಿನ ಥ್ರೆಡ್ ಕೂಡ ಕಾಲು ಇಂಚೇ, ಆದರೆ ಇಂಚಿಗೆ 32. ಬೆರಳಿನಲ್ಲೇ ಸಲೀಸಾಗಿ ಏರದ್ದನ್ನು ಏರಿಸಬೇಡಿ.

ಮೊದಲ ಸಲ ಓಡಿಸುವುದು ಬೆಂಚಿನ ಮೇಲೆ, ವಿಮಾನದಲ್ಲಿ ಅಲ್ಲ. ಹೊಸ ಪ್ರೊಪೆಲ್ಲರ್. ನೀಡಲ್ ತಯಾರಕರು ಹೇಳಿದ್ದಕ್ಕಿಂತ ಅರ್ಧ ಸುತ್ತು ಜಾಸ್ತಿ ತೆರೆದಿರಲಿ. ನೀವು ಹಿಂದೆ ನಿಲ್ಲಿ, ಪ್ರೊಪೆಲ್ಲರಿನ ಸಾಲಿನಲ್ಲಿ ಯಾರೂ ಬೇಡ. ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಕಾಣುವುದೇ ಇಲ್ಲ ಅನ್ನುವುದೂ ನೆನಪಿರಲಿ. ಅದು ಕುಡಿದರೆ ಕಣ್ಣು, ಪ್ರಾಣ ಎರಡನ್ನೂ ತೆಗೆಯುವ ವಿಷ. 1981ರಲ್ಲಿ ನಮ್ಮ ಬೆಂಗಳೂರಿನಲ್ಲೇ ಇದು ಬೆರೆತ ಸಾರಾಯಿಗೆ 300ಕ್ಕೂ ಹೆಚ್ಚು ಜನ ಬಲಿಯಾದರು. ನೀರಿನ ಬಾಟಲಿಯಲ್ಲಿ ಇಂಧನ ತುಂಬಿಸಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರಶ್ನೆಗಳು ಇದ್ದರೆ ಕೇಳಿ.

— ಸರ್, ಬಿರುಕಿಗೆ ಎಂ-ಸೀಲ್ ಅಥವಾ ಅರಾಲ್ಡೈಟ್ ಹಾಕಬಹುದಾ?

ಬೇಡ. ಬಿಸಿಗೆ ಮೆತ್ತಗಾಗುತ್ತವೆ, ಅದರ ಮೇಲೆ ಇಷ್ಟು ನಡುಗುವ ಜಾಗ. ಒಂದು ಟ್ಯಾಂಕ್ ಓಡಬಹುದು, ಎರಡನೆಯದಕ್ಕೆ ಕೈಕೊಡುತ್ತದೆ.

— ಈಗ ಎಲ್ಲ ಬ್ಯಾಟರಿ ಮೋಟರ್ ಅಲ್ವಾ, ಇದರ ಗೋಜು ಯಾಕೆ?

ನಿಜ, ಹಾರಿಸುವುದಷ್ಟೇ ಬೇಕಿದ್ದರೆ ಬ್ಯಾಟರಿಯೇ ಒಳ್ಳೆಯದು. ಸದ್ದಿಲ್ಲ, ಎಣ್ಣೆ ಜಿಡ್ಡಿಲ್ಲ. ನನಗೆ ಬಿಚ್ಚಿ ಜೋಡಿಸುವುದರಲ್ಲೇ ಅರ್ಧ ಖುಷಿ ಇದೆ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

— ಬೇರಿಂಗ್ ಕಂಪನಿಯದ್ದೇ ತರಿಸಬೇಕಾ ಸರ್?

ಬೇಕಿಲ್ಲ. ಹಳೆಯ ಬೇರಿಂಗ್ ಮೇಲಿನ ನಂಬರ್ ಓದಿ. ಅಳಿಸಿದ್ದರೆ ವರ್ನಿಯರ್‌ನಲ್ಲಿ ಮೂರು ಅಳತೆ ತೆಗೆದುಕೊಳ್ಳಿ: ಒಳವ್ಯಾಸ, ಹೊರವ್ಯಾಸ, ಅಗಲ. 7, 19, 6 ಬಂದರೆ 607. 15, 28, 7 ಬಂದರೆ 6902. ಹಿಂದಿನದು ಎರಡೂ ಕಡೆ ತೆರೆದಿರಲಿ, ಇಂಧನದ ಎಣ್ಣೆಯೇ ಅದಕ್ಕೆ ಎಣ್ಣೆ. ಮುಂದಿನದಕ್ಕೆ ಹೊರಗಡೆ ಒಂದು ಮುಚ್ಚಳ ಇದ್ದರೆ ಸಾಕು. ಎಸ್.ಜೆ.ಪಿ. ರೋಡಿನಲ್ಲಿ ಸಿಗುತ್ತವೆ. ನಂಬರ್ ಹೇಳುವುದರ ಜೊತೆಗೆ ಹಳೆಯದನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಶನಿವಾರವೇ ಹೋಗಿಬನ್ನಿ.